ಪೈಪಿನೊಳಗಿನ ಕಪ್ಪು ದಾರ

ಮಾತಾಡಲು ಬಾಯಿ ತೆರೆದರೆ ಸಾಕು, ತನ್ನ ದನಿ ಗಂಟಲಲ್ಲೇ ಅಡಗಿಹೋಗುತ್ತದೆ ಎಂಬುದನ್ನು ಅವಳು ಡೈರಿಯೊಂದಕ್ಕೆ ಬಿಟ್ಟು ಬೇರೆ ಯಾರಿಗೂ ಹೇಳಿಕೊಂಡಿರಲಿಲ್ಲ. ಮುಂದಿನ ಸೋಮವಾರ ಸಂದರ್ಶನ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಕೆಲಸ. ‘ಇನ್ನೊಬ್ಬರು ಬರೆದದ್ದನ್ನು ಓದುವಾಗ ನನ್ನ ದನಿ ನಡುಗುವುದಿಲ್ಲ. ಈ ಕೆಲಸವೊಂದು ಸಿಕ್ಕರೆ ನನಗೂ ಒಂದು ದನಿ ಇದೆ ಎಂದಾಗುತ್ತದೆ’ ಎಂದು ಬರೆದುಕೊಂಡಿದ್ದಳು.

ಪದವಿ ಮುಗಿಸಿ ಅಕ್ಕನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಭಾವ ಆ ಹಳೆಯ ಮನೆಯನ್ನು ಆಗಷ್ಟೇ ಕೊಂಡಿದ್ದ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು ಕಂಪ್ಯೂಟರ್ ಇಟ್ಟು, ಐದು ಕೋಣೆಗಳಿಗೂ ಅಲ್ಲಿಂದಲೇ ಹಾಡು, ಸಿನಿಮಾ ಎಲ್ಲ ಹರಿಯಬೇಕೆಂಬುದು ಅವನ ಆಸೆ. “ನಮ್ಮ ಮೌನಗೌರಿ ಕಂಪ್ಯೂಟರ್ ಓದಿಲ್ವಾ? ಬಾಯಿ ಕೆಲಸ ಅಲ್ಲ, ಕೈ ಕೆಲಸ. ಅವಳಿಗೆ ಹೇಳಿ ಮಾಡಿಸಿದ ಹಾಗಿದೆ,” ಎಂದು ಅವಳಿಗೇ ಒಪ್ಪಿಸಿದ್ದ.

ವೈರಿಂಗಿಗೆ ಬಂದ ಮುದುಕ ನಾಲ್ಕು ಕೋಣೆಗಳನ್ನು ತಕರಾರಿಲ್ಲದೆ ಮುಗಿಸಿದ. ಗೂಡಿನಿಂದ ಮಹಡಿಯ ಮೇಲಿನ ಅಕ್ಕನ ಮಗುವಿನ ಕೋಣೆಗೆ ಗೋಡೆಯೊಳಗೇ ಏರುವ ಹಳೆಯ ಪೈಪಿನ ಮುಂದೆ ಮಾತ್ರ ಡ್ರಿಲ್ ಕೆಳಗಿಟ್ಟು ನಿಂತುಬಿಟ್ಟ.

“ಇದೊಂದು ಬಿಟ್ಬಿಡಿ ತಾಯಿ. ಗೋಡೆ ಮೇಲೇ ವೈರ್ ಹೊಡ್ಕೊಡ್ತೀನಿ.”

“ಯಾಕೆ?”

“ಇದರೊಳಗೆ ಬಾಯಿ ಕಟ್ಟಿಟ್ಟಿದ್ದಾರೆ.” ಅವನ ದನಿ ತಗ್ಗಿತು. “ಹಿಂದೆ ಇಲ್ಲಿದ್ದ ಅಣ್ಣ ತಮ್ಮಂದಿರಿಗೆ ಮನೆ ಮೇಲೆ ವ್ಯಾಜ್ಯ. ಅಣ್ಣ ಸತ್ತ ಮೇಲೆ ಅತ್ತಿಗೆ ಕೋರ್ಟಲ್ಲಿ ನಿಜ ಹೇಳ್ತೀನಿ ಅಂದ್ಳು. ಮೈದುನ ಮಾಟ ಮಾಡಿಸ್ದ. ಕಟಕಟೆಯಲ್ಲಿ ನಿಂತ್ಕೊಂಡು ಬಾಯಿ ತೆಗೆದ್ರೆ ಬರೀ ಗಾಳಿ ಬಂತು. ಸಾಯೋವರೆಗೂ ಅಷ್ಟೇ.”

ಅವಳು ನಗು ತಡೆಯಲಾಗದೆ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಮುದುಕ ಮುಖ ಗಂಟಿಕ್ಕಿಕೊಂಡು ಹೊರಟುಹೋದ. ‘ಮಾಟ ಎಷ್ಟು ವೋಲ್ಟಿನಲ್ಲಿ ಹರಿಯುತ್ತದೆ ಎಂದು ಕೇಳಬೇಕಿತ್ತು. ಕೇಳಲು ಧೈರ್ಯ ಬರಲಿಲ್ಲ’ ಎಂದು ಆಮೇಲೆ ಡೈರಿಯಲ್ಲಿ ಬರೆದಳು. ಗೋಡೆಯ ಮೇಲೆ ಒಂದೇ ಒಂದು ವೈರೂ ಕಾಣಬಾರದೆಂದು ಭಾವ ಮೊದಲೇ ಕಟ್ಟಪ್ಪಣೆ ಮಾಡಿದ್ದ. ಮರುದಿನ ಬೆಳಿಗ್ಗೆ ಅವಳೇ ಗೂಡಿನೊಳಗೆ ತೂರಿಕೊಂಡಳು.

ಒಳಗೆ ಹಸಿ ಸುಣ್ಣದ ವಾಸನೆ. ಅದರಡಿಯಲ್ಲಿ ಇನ್ನೊಂದು, ಕೂದಲು ಸುಟ್ಟಂತಹ ಕಮಟು. ಟಾರ್ಚು ಹಿಡಿದರೆ ಪೈಪಿನ ಬಾಯಿಯಿಂದ ಬೆರಳುದ್ದದ ಕಪ್ಪು ದಾರ ಜೋತಾಡುತ್ತಿತ್ತು. ಖಾಲಿ ಪೈಪಿನಲ್ಲಿ ಮುಂದೆ ಕೇಬಲ್ ಎಳೆಯಲೆಂದು ಒಂದು ದಾರ ಬಿಟ್ಟಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಇದೂ ಅದೇ ಇರಬೇಕು. ವೈರಿಂಗಿನವನಾಗಿ ಮುದುಕನಿಗೆ ಇಷ್ಟೂ ಗೊತ್ತಾಗಲಿಲ್ಲವೇ? ದಾರದ ತುದಿಗೆ ಕೇಬಲ್ ಬಿಗಿದು, ಮೇಲಿನ ಕೋಣೆಗೆ ಹೋಗಿ, ಅಲ್ಲಿಯ ತುದಿಯನ್ನು ಎಳೆಯತೊಡಗಿದಳು.

ಅಕ್ಕನ ನಾಲ್ಕು ವರ್ಷದ ಮಗಳು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದಳು. ಎದ್ದಾಗಿನಿಂದ ಮಲಗುವತನಕ ಸಿಡಿಯುತ್ತಲೇ ಇರುತ್ತಿದ್ದುದರಿಂದ ಮನೆಯವರಿಗೆಲ್ಲ ಅವಳು ‘ಪಟಾಕಿ’.

“ಚಿಕ್ಕಿ, ಇದು ಯಾರ ಜಡೆ?”

“ಜಡೆ ಅಲ್ವೇ, ದಾರ.”

ಆದರೆ ದಾರದೊಂದಿಗೆ ನರೆಗೂದಲು ಹೆಣೆದಿತ್ತು. ಗೇಣಿಗೊಂದು ಗಂಟು. ಪ್ರತಿ ಗಂಟೂ ಗೋಡೆಯ ತೂತಿಗೆ ಸಿಕ್ಕಿಕೊಳ್ಳುತ್ತಿತ್ತು. ಅವಳು ಉಗುರಿನಿಂದ ಬಿಚ್ಚುತ್ತ ಹೋದಳು. ಪಟಾಕಿ ಎಣಿಸುತ್ತ ಹೋದಳು. “ಒಂದು, ಎರಡು, ಮೂರು, ಐದು, ಎಂಟು...” ಕೊನೆಯ ಗಂಟಿನಲ್ಲಿ ಸುರುಳಿ ಸುತ್ತಿದ ತಾಮ್ರದ ತಗಡು, ಅದನ್ನು ಚುಚ್ಚಿಕೊಂಡ ತುಕ್ಕುಸೂಜಿ. ಅವಳು ಅದನ್ನೂ ಬಿಡಿಸಿದಳು. ಎಲ್ಲವನ್ನೂ ಕಾಗದದಲ್ಲಿ ಸುತ್ತಿ ಕಸಕ್ಕೆ ಎಸೆದಳು.

“ಅಮ್ಮಂಗೆ ತೋರಿಸ್ತೀನಿ!” ಎಂದು ಪಟಾಕಿ ಎದ್ದಳು.

“ಬೇಡ. ಯಾರಿಗೂ ಹೇಳ್ಬಾರ್ದು. ಆಯ್ತಾ?” ಅವಳು ಮಗುವಿನ ತುಟಿಗಳನ್ನು ಅಂಗೈಯಿಂದ ಮುಚ್ಚಿದಳು. ಕೈಗಿನ್ನೂ ಆ ಕಮಟು ಅಂಟಿಕೊಂಡಿತ್ತು.

ಮಧ್ಯಾಹ್ನ ಗೂಡಿನಲ್ಲಿ ಕೂತು ಕಂಪ್ಯೂಟರ್ ಚಾಲೂ ಮಾಡಿದಳು. ಎಲ್ಲ ಕೋಣೆಗಳಲ್ಲೂ ಹಾಡು ಒಂದೇ ಗಳಿಗೆಗೆ ಕೇಳಬೇಕಾದರೆ ಯಾವ ಸ್ಪೀಕರ್ ಎಷ್ಟು ದೂರದಲ್ಲಿದೆ ಎಂದು ಯಂತ್ರ ಅಳೆದುಕೊಳ್ಳಬೇಕು. ಒಂದೊಂದರಿಂದಲೂ ಟಕ್ ಎಂಬ ಸದ್ದು ಹೊರಡುತ್ತದೆ. ಅವಳ ಕೈಯಲ್ಲಿನ ಮೈಕು ಅದನ್ನು ಆಲಿಸುತ್ತದೆ. ಹಾಲ್, ಹದಿನಾಲ್ಕು ಅಡಿ. ಅಡುಗೆಮನೆ, ಇಪ್ಪತ್ತು. ಪಟ್ಟಿಯಲ್ಲಿ ಐದು ಹೆಸರು ಬಂದವು. ಅವುಗಳ ಕೆಳಗೆ ಹೆಸರಿಲ್ಲದ ಆರನೆಯ ಸಾಲು. ನಲವತ್ತು ಅಡಿ.

ಆರನೆಯ ಸ್ಪೀಕರನ್ನು ಅವಳು ತಂದಿರಲೇ ಇಲ್ಲ. ಆ ಸಾಲನ್ನು ಅಳಿಸಿ ಮತ್ತೆ ಅಳೆದಳು. ಇಪ್ಪತ್ತಾರು ಅಡಿ. ಟಕ್ ಎನ್ನುವ ಬದಲು ಅಲ್ಲಿಂದ ಉಸಿರು ಬಂತು. ಕಷ್ಟಪಟ್ಟು ಎಳೆದುಕೊಂಡ, ಮಾತಿಗೆ ಮುಂಚಿನ ಉಸಿರು. ಸುಟ್ಟ ಕೂದಲಿನ ವಾಸನೆ ಗಾಢವಾಯಿತು. ಮತ್ತೆ ಅಳೆದಳು. ಹನ್ನೊಂದು. ಟಾರ್ಚು ಮಿಣುಕಿತು. ಮತ್ತೆ. ನಾಲ್ಕು. ಬೆರಳು ತಾನಾಗಿಯೇ ಗುಂಡಿ ಒತ್ತುತ್ತಿತ್ತು. ಸೊನ್ನೆ.

ಹಿಂದಿರುಗಿ ನೋಡಿದಳು. ಬೆನ್ನಿಗೆ ತಾಗುವಷ್ಟು ಹತ್ತಿರ ಪಟಾಕಿ ನಿಂತಿದ್ದಳು. ಬಾಯಿ ಅಗಲವಾಗಿ ತೆರೆದಿತ್ತು. ನಾಲಿಗೆ ಆಡುತ್ತಿತ್ತು. ಸದ್ದಿಲ್ಲ. ಮರುಕ್ಷಣ ಐದೂ ಕೋಣೆಗಳಿಂದ ಒಟ್ಟಿಗೇ ಪಟಾಕಿಯ ದನಿ ಎದ್ದಿತು. “ಒಂದು, ಎರಡು, ಮೂರು, ಐದು, ಎಂಟು. ಒಂದು, ಎರಡು, ಮೂರು, ಐದು, ಎಂಟು.”

ಅಕ್ಕ ಅಡುಗೆಮನೆಯಿಂದ ಓಡಿಬಂದಳು. ಮಗುವನ್ನು ಅಲುಗಿಸಿದಳು, ಬೆನ್ನು ತಟ್ಟಿದಳು, ಬೆರಳು ಹಾಕಿ ಗಂಟಲು ನೋಡಿದಳು. “ಏನಾದ್ರೂ ನುಂಗಿದ್ಯೇನೇ? ಮಾತಾಡೇ! ಅಮ್ಮಾ ಅನ್ನೇ!” ಪಟಾಕಿ ಅಳುತ್ತಿದ್ದಳು. ಕಣ್ಣೀರು ಇಲ್ಲಿ. ಬಿಕ್ಕು ಮೇಲಿನ ಕೋಣೆಯಲ್ಲಿ. ಭಾವ ಬಂದವನೇ ಮೇನ್ ಸ್ವಿಚ್ ಇಳಿಸಿದ. ಫ್ಯಾನು ನಿಂತಿತು, ಫ್ರಿಜ್ ನಿಂತಿತು. ಎಣಿಕೆ ನಿಲ್ಲಲಿಲ್ಲ.

“ನೀನೇನು ಮಾಡ್ದೆ?” ಅಕ್ಕ ಕೇಳಿದಳು.

“ಏನೂ ಇಲ್ಲ,” ಎಂದಳು ಅವಳು. ಸುಳ್ಳು ಎಷ್ಟು ಸಲೀಸಾಗಿ ಬಂತು!

ಮೆಟ್ಟಿಲು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಕೂರಲಾಗಲಿಲ್ಲ. ಕೊನೆಗೆ ಟೆರೇಸಿನಿಂದ ಮುದುಕನಿಗೆ ಫೋನ್ ಮಾಡಿ, ಗಂಟು ಬಿಚ್ಚಿದ್ದು, ಮಗುವಿನ ದನಿ ಹೋದದ್ದು ಎಲ್ಲ ಹೇಳಿದಳು. ಅವನು ಬಯ್ಯಲಿಲ್ಲ, ಅದೇ ಅವಳನ್ನು ಇನ್ನಷ್ಟು ಹೆದರಿಸಿತು.

“ಬಿಚ್ಚಿದ ಕೈಯಿಂದ ಯಾರ ಬಾಯಿ ಮುಚ್ಚಿದ್ರಿ ತಾಯಿ?”

ಅವಳು ತನ್ನ ಅಂಗೈ ನೋಡಿಕೊಂಡಳು.

“ನಿಜ ಹೇಳಬಾರ್ದು ಅಂತ ಕಟ್ಟಿದ್ದು ಅದು. ನಿಜ ಹೇಳಿದ್ರೇನೇ ಮಗುವನ್ನ ಬಿಡೋದು. ಹೆತ್ತವರ ಮುಂದೆ ನಿಂತು ಬಾಯಿಬಿಟ್ಟು ಹೇಳ್ಬೇಕು. ಬರೆದ್ಕೊಟ್ರೆ ನಡೆಯಲ್ಲ. ಹೊತ್ತು ಮುಳುಗಿದ್ರೆ ಆಮೇಲೆ ಅದೂ ಇಲ್ಲ.”

“ಹೇಳಿದ್ರೆ... ಅದು ಹೋಗುತ್ತಾ?”

“ಎಲ್ಲಿಗೆ ಹೋಗುತ್ತೆ ತಾಯಿ? ಅದಕ್ಕೆ ಒಂದು ಬಾಯಿ ಬೇಕೇ ಬೇಕು. ಹೇಳೋದೆಲ್ಲ ಒಂದೇ ಸಲ ಹೇಳ್ಬಿಡಿ. ಆಮೇಲೆ ನಿಮ್ಮ ಬಾಯಿಂದ ಇನ್ನೇನೂ ಬರಲ್ಲ.”

ಕೆಳಗೆ ಭಾವ ಕೂಗಾಡುತ್ತಿದ್ದ. “ಆ ಮುದುಕನದೇ ಕೆಲಸ! ಬೇಕಂತಲೇ ಏನೋ ಇಟ್ಟು ಹೋಗಿದ್ದಾನೆ. ಪೊಲೀಸಿಗೆ ಹಿಡಿದುಕೊಡ್ತೀನಿ!” ಎಷ್ಟು ಸುಲಭವಾಗಿತ್ತು. ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅವಳಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಸೋಮವಾರ ನೆನಪಾಯಿತು. ಓದದೇ ಉಳಿಯುವ ಪುಸ್ತಕಗಳು ನೆನಪಾದವು.

ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಏರಿತ್ತು. ಸ್ಪೀಕರುಗಳಲ್ಲಿ ಪಟಾಕಿಯ ದನಿ ಸವೆಯತೊಡಗಿತ್ತು. ಎಂಟು ಕೇಳಲಿಲ್ಲ. ಆಮೇಲೆ ಐದೂ ಇಲ್ಲ. ಎಣಿಕೆಯ ನಡುವೆ ಮುದಿ ಹೆಂಗಸಿನ ಕೆಮ್ಮು. ಅಕ್ಕನ ಮಡಿಲಲ್ಲಿ ಮಗು ಮೀನಿನಂತೆ ಬಾಯಿ ಬಿಡುತ್ತಿತ್ತು.

ಅವಳು ಇಳಿದುಬಂದು ಅವರ ಮುಂದೆ ನಿಂತಳು. ಗಂಟಲೊಳಗೆ ಆಗಲೇ ಯಾರೋ ದಾರ ಸುತ್ತುತ್ತಿದ್ದರು. ಒಂದು ಸುತ್ತು. ಎರಡು.

“ಅಕ್ಕಾ.”

ದನಿ ನಡುಗಲಿಲ್ಲ. ಅಕ್ಕ ತಲೆಯೆತ್ತಿದಳು. ಭಾವ ಕೂಗು ನಿಲ್ಲಿಸಿ ತಿರುಗಿದ.

“ಪೈಪಿನೊಳಗಿದ್ದ ಮಾಟದ ಗಂಟು ಬಿಚ್ಚಿದ್ದು ಮುದುಕ ಅಲ್ಲ, ನಾನು. ನಿನಗೆ ಹೇಳ್ಬಾರ್ದು ಅಂತ ಇವಳ ಬಾಯಿ ಮುಚ್ಚಿದ್ದೂ ನಾನೇ.”