ಛತ್ರಿ ಕೂಡಿಸಲು ಬಂದವನು

ಮಾಪಣ್ಣ ಕಮಲಾಪುರಕ್ಕೆ ಡಿಟಿಎಚ್ ಮಾರಲು ಬಂದ ಮೊದಲ ದಿನ, ಊರಿಗೆಲ್ಲ ಕೇಬಲ್ ಕೊಡುವವರ ಮನೆಯ ಬಾಗಿಲನ್ನೇ ಬಡಿದ.

ಎರಡು ಸಾವಿರದ ಏಳರ ಫೆಬ್ರವರಿ ತಿಂಗಳು. ಶೇವಂತಾ ಅಂಗಳದಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಬೈಕಿನ ಹಿಂದೆ ಬಿಳಿ ಡಿಶ್ ಛತ್ರಿಯೊಂದನ್ನು ಕಟ್ಟಿಕೊಂಡು ಬಂದವನು ಬಾಗಿಲಲ್ಲೇ ನಿಂತು, "ಅಕ್ಕಾರ, ಒಂದೈದು ಮಿನಿಟ್ ಮಾತಾಡಬಹುದೇನ್ರಿ?" ಎಂದ. ಅವಳು ಮೊರದಿಂದ ಕಣ್ಣೆತ್ತದೆ ತಲೆಯಾಡಿಸಿದಳು.

ಅವನು ಬಾಯಿಪಾಠ ಮಾಡಿದಂತೆ ಶುರು ಮಾಡಿದ. ಕೇಬಲ್‌ನವರ ಮನೆಯಲ್ಲಿ ಕರೆಂಟ್ ಹೋದರೆ ಊರೆಲ್ಲ ಟಿವಿ ಬಂದ್. ಗಾಳಿ ಬೀಸಿದರೆ ಪರದೆಯ ತುಂಬ ಇರುವೆ ಹರಿದಂತೆ. ಛತ್ರಿಗೆ ಅದ್ಯಾವುದೂ ಇಲ್ಲ, ನಿಮ್ಮ ಮಾಳಿಗೆ, ನಿಮ್ಮ ಚಿತ್ರ. ಮಳೆ ಬಂದರೆ ಏನು ಗತಿ ಎಂದು ಶೇವಂತಾ ಕೇಳಿದಳು. ಜೋರು ಮಳೆಗೆ ತಮ್ಮದೂ ಹತ್ತು ನಿಮಿಷ ನಿಲ್ಲುತ್ತದೆ ಎಂದು ಅವನು ಒಪ್ಪಿಕೊಂಡ. ಮಾರುವವನೊಬ್ಬ ಹಾಗೆ ಹೇಳಿದ್ದನ್ನು ಅವಳು ಅದೇ ಮೊದಲು ಕೇಳಿದ್ದು.

"ಮತ್ತ ಕೇಬಲ್‌ನವರಿಗೆ ಫೋನ್ ಮಾಡಿದ್ರ ಎತ್ತೋದೇ ಇಲ್ಲಂತ್ರಿ," ಎಂದು ಅವನು ಕೊನೆಯ ಮಾತು ಸೇರಿಸಿದ.

ಅಷ್ಟರಲ್ಲಿ ಒಳಗೆ ಫೋನ್ ರಿಂಗಾಯಿತು. ಶೇವಂತಾ ಮೊರ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೋಗಿ ರಿಸೀವರ್ ಎತ್ತಿದಳು. "ಹಲೋ, ಕೇಬಲ್ ಆಫೀಸ್ ರೀ," ಎಂದಳು, ಹೊರಗೆ ಕೇಳುವಷ್ಟು ಗಟ್ಟಿಯಾಗಿ.

ಮಾತು ಮುಗಿಸಿ ಬಂದಾಗ ಅವನು ತಲೆ ಎತ್ತಿ ಮಾಳಿಗೆ ನೋಡುತ್ತಿದ್ದ. ಅಲ್ಲಿ ಎಂಟಡಿಯ ಜಾಲರಿ ಛತ್ರಿ, ಅದರಿಂದ ನಾಲ್ಕೂ ದಿಕ್ಕಿಗೆ ಹೊರಟ ಕರಿ ವೈರುಗಳು. ಅವನ ಕಿವಿ ಕೆಂಪಾಗಿದ್ದವು. ಶೇವಂತಾ ತಂಬಿಗೆ ನೀರು ಕೊಟ್ಟಳು. ಕುಡಿದು, ತಂಬಿಗೆ ತಿರುಗಿ ಕೊಡುತ್ತ, ದೊಡ್ಡ ಛತ್ರಿ ಸ್ವಲ್ಪ ಮೂಡಲಕ್ಕೆ ವಾಲಿದೆ ಎಂದ. ಅದು ನಿಮಗೆ ಸಂಬಂಧವಿಲ್ಲ ಎಂದು ಅವಳು ಬಾಗಿಲು ಮುಂದೆ ಮಾಡಿದಳು. ಸಂಜೆ ನಟ್ಟು ಬಿಗಿಯುವ ಪಾನಾ ಹಿಡಿದು ಮಾಳಿಗೆ ಹತ್ತಿ ಛತ್ರಿಯನ್ನು ಸರಿ ಮಾಡಿದಳು. ಚಿತ್ರ ತಿಳಿಯಾಯಿತು. ಯಾಕೆ ತಿಳಿಯಾಯಿತೆಂದು ಯಾರಿಗೂ ಹೇಳಲಿಲ್ಲ.

ಆ ಕೇಬಲ್ ಅವಳ ತಂದೆ ಮಾಳಿಂಗಪ್ಪ ಹದಿನಾಲ್ಕು ವರ್ಷಗಳ ಹಿಂದೆ ಎಳೆದದ್ದು. ಎರಡು ವರ್ಷದ ಹಿಂದೆ ಕಂಬದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವರಿಗೆ ಮೆಟ್ಟಿಲೂ ಹತ್ತಲಾಗುತ್ತಿರಲಿಲ್ಲ. ಏಣಿ ಶೇವಂತಾಳ ಪಾಲಿಗೆ ಬಂತು. ಇಪ್ಪತ್ತೊಂಬತ್ತು ವರ್ಷದ ಹೆಣ್ಣುಮಗಳು ಚೂಡಿದಾರ್ ಹಾಕಿಕೊಂಡು ಕಂಬ ಹತ್ತುವುದನ್ನು ಊರು ಮೊದಮೊದಲು ನಿಂತು ನೋಡಿತು. ಆಮೇಲೆ ಚಿತ್ರ ಬಂದರೆ ಸಾಕು ಎಂದು ನೋಡುವುದನ್ನು ಬಿಟ್ಟಿತು.

ಮಾಪಣ್ಣ ಮಂಗಳವಾರ ಮತ್ತು ಶುಕ್ರವಾರ ಕಲಬುರಗಿಯಿಂದ ಬರತೊಡಗಿದ. ಅಲ್ಲಿನ ಸೂಪರ್ ಮಾರ್ಕೆಟ್ ಪೇಟೆಯ ಹಮೀದ್ ಸಾಹೇಬರ ಡಿಸ್ಟ್ರಿಬ್ಯೂಟರ್ ಅಂಗಡಿಯಲ್ಲಿ ಅವನ ನೌಕರಿ. ಒಂದೊಂದು ಮನೆಗೆ ಛತ್ರಿ ಕೂತಾಗ ಆ ಮನೆಯ ಕೇಬಲ್ ವೈರು ಬೇಡವಾಗುತ್ತಿತ್ತು. ಬೇರೆ ಕಂಪನಿಯ ಹುಡುಗರು ಅದನ್ನು ಕತ್ತರಿಸಿ ಬೀದಿಗೆ ಜೋತುಬಿಡುತ್ತಿದ್ದರು. ಇವನು ಮಾತ್ರ ಕ್ಲಿಪ್ ಒಂದೊಂದೇ ಬಿಚ್ಚಿ, ವೈರನ್ನು ಮೊಣಕೈಗೆ ಸುತ್ತಿ ಸಿಂಬಿ ಮಾಡಿ, ಸಂಜೆ ಊರು ಬಿಡುವ ಮುನ್ನ ಅವಳ ಕಟ್ಟೆಯ ಮೇಲೆ ತಂದಿಡುತ್ತಿದ್ದ. ಯಾರ ಮನೆಯದೆಂದು ಹೇಳುತ್ತಿದ್ದ. ಅವಳು ಒಳಗೆ ತೆಗೆದಿಡುತ್ತಿದ್ದಳು. ನೀರು ಕೇಳುತ್ತಿದ್ದ, ಕೊಡುತ್ತಿದ್ದಳು. ಬರಬರುತ್ತ ನೀರು ಚಹಾ ಆಯಿತು.

"ನಮ್ಮ ಮನಿ ಮುರದು ನಮ್ಮ ಕಡಿಂದೇ ಚಹಾ ಕುಡೀತೀರಿ," ಎಂದಳು ಒಮ್ಮೆ.

"ಬ್ಯಾರೆ ಕಡಿ ಸಕ್ರಿ ಭಾಳ ಹಾಕ್ತಾರ್ರಿ," ಎಂದ ಅವನು, ಕಪ್ಪಿನ ಅಂಚಿನ ಮೇಲಿಂದ ಅವಳನ್ನು ನೋಡುತ್ತ.

ಅವಳು ನಗು ತಡೆಯಲು ತಿರುಗಿ ನಿಂತಳು. ತಿರುಗಿದ್ದು ಯಾಕೆಂದು ಅವನಿಗೆ ಗೊತ್ತಾಯಿತೆಂದೂ ಅವಳಿಗೆ ಗೊತ್ತಾಯಿತು.

ಶುಕ್ರವಾರ ಬಂದರೆ ಅವಳ ಕಿವಿ ಬೈಕಿನ ಸದ್ದಿಗೆ ಕಾಯುತ್ತಿತ್ತು. ಆ ಬೈಕು ಬಂತೆಂದರೆ ತನ್ನ ಮನೆಗಳಲ್ಲಿ ಒಂದೆರಡು ಹೋದವೆಂದೇ ಅರ್ಥ. ತನಗೆ ನಷ್ಟ ತರುವವನ ದಾರಿ ತಾನೇ ಕಾಯುವುದು ಎಂಥ ತಲೆಕೆಟ್ಟ ಕೆಲಸವೆಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡು, ಕನ್ನಡಿಯ ಮುಂದೆ ಹೋಗಿ ಕೂದಲು ಸರಿ ಮಾಡಿಕೊಂಡಳು. ಇನ್ನೊಂದು ಸಂಗತಿಯನ್ನೂ ಅವಳು ಗಮನಿಸಿದ್ದಳು. ಮೂರನೇ ವಾರದಿಂದ ಅವನು ಅವಳನ್ನು 'ಅಕ್ಕಾರ' ಎನ್ನುತ್ತಿರಲಿಲ್ಲ. ಬರೀ 'ರೀ' ಉಳಿದಿತ್ತು.

ಜೂನ್‌ನಲ್ಲಿ ಎರಡು ವಾರ ಅವನು ಬರಲಿಲ್ಲ. ಬದಲಿಗೆ ಬೇರೊಬ್ಬ ಬಂದು ಛತ್ರಿ ಕೂಡಿಸಿ, ವೈರು ಕತ್ತರಿಸಿ, ಅಲ್ಲೇ ಬಿಟ್ಟು ಹೋದ. ಅದರ ಮರುದಿನವೇ ಬಸ್‌ಸ್ಟ್ಯಾಂಡ್ ಓಣಿಯ ದೊಡ್ಡ ಲೈನ್ ಹರಿದು ನಲವತ್ತು ಮನೆಗಳ ಟಿವಿ ಬಂದಾಯಿತು. ಛತ್ರಿಯವರೇ ಬೇಕಂತ ಕತ್ತರಿಸಿದ್ದಾರೆ ಎಂದು ಊರು ಹೇಳಿತು. ಶೇವಂತಾ ಏಣಿ ಹತ್ತಿ ತುದಿ ನೋಡಿದಳು. ಲೈನ್ ಜೋಡಿಸಿ ಎಲ್ಲರಿಗೂ ಚಿತ್ರ ಕೊಟ್ಟಳು. ಆಮೇಲೆ ಹರಿದ ತುಂಡನ್ನು ಚೀಲದಲ್ಲಿಟ್ಟುಕೊಂಡು ಕಲಬುರಗಿಯ ಬಸ್ ಹತ್ತಿದಳು.

ಸೂಪರ್ ಮಾರ್ಕೆಟ್‌ನಲ್ಲಿ ಆಟೋಗಳ ನಡುವೆ ದಾರಿ ಮಾಡಿಕೊಂಡು ಅಂಗಡಿ ಹುಡುಕಿದಳು. ಎದೆಮಟ್ಟ ಪೇರಿಸಿದ ಸೆಟ್ ಟಾಪ್ ಬಾಕ್ಸ್‌ಗಳ ಹಿಂದೆ ಮಾಪಣ್ಣ ರಿಮೋಟ್ ಒಂದನ್ನು ಬಿಚ್ಚಿಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ಅವಳು ತುಂಡನ್ನು ಕೌಂಟರ್ ಮೇಲಿಟ್ಟು, ಇದನ್ನು ನಿಮ್ಮವರು ಕತ್ತರಿಸಿದರೆಂದು ಊರು ಹೇಳುತ್ತಿದೆ ಎಂದಳು.

ಅವನು ತುದಿಯನ್ನು ಬೆರಳಲ್ಲಿ ತಿರುವಿ ನೋಡಿದ. "ಇದು ಕತ್ತರಿಸಿದ್ದಲ್ರಿ. ಎತ್ತರ ಮೇವು ಹೇರಿದ ಲಾರಿ ಯಾವುದೋ ಜಗ್ಗಿ ಹರದಾದ."

"ಗೊತ್ತದ."

"ಗೊತ್ತಿದ್ದು ಇಷ್ಟು ದೂರ ಬಂದೀರಿ?"

ಶೇವಂತಾ ತುಂಡನ್ನು ತಿರುಗಿ ಚೀಲಕ್ಕೆ ಹಾಕಿದಳು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಹಮೀದ್ ಸಾಹೇಬರು ಇಬ್ಬರನ್ನೂ ಒಮ್ಮೆ ನೋಡಿ, ಚಹಾ ಕುಡಿದು ಬರಲು ಮಾಪಣ್ಣನಿಗೆ ಹೇಳಿದರು.

ಪಕ್ಕದ ಹೋಟೆಲಿನಲ್ಲಿ ಎದುರುಬದುರು ಕೂತರು. ಕಮಲಾಪುರ ಬಿಟ್ಟು ಆಳಂದದ ಕಡೆಯ ಕೆಲಸವನ್ನು ತಾನೇ ಕೇಳಿ ತೆಗೆದುಕೊಂಡೆ ಎಂದ ಅವನು. ಅವಳ ಮನೆಗೆ ಆಸೆಯಿಂದ ಬರುವುದನ್ನೂ ಅವಳ ವೈರು ಬಿಚ್ಚುವ ಕೆಲಸವನ್ನೂ ಒಂದೇ ದಿನ ಮಾಡುವುದು ತನ್ನಿಂದ ಆಗಲಿಲ್ಲವಂತೆ.

ಶೇವಂತಾಳಿಗೆ ಸಿಟ್ಟು ಬಂತು. "ನೀವು ಬರೋದು ಬಿಟ್ರ ಬಿಚ್ಚೋದು ನಿಂತದೇನು? ಬ್ಯಾರೆಯವ ಬಂದ. ಕೆಲಸ ಅದೇ ನಡದಾದ. ನೀವಷ್ಟೇ ಇಲ್ಲ."

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೆ ಅರಿವಾಯಿತು. ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿಬಿಡುವುದೇ ನೆಟ್ಟಗೆಂದು, ಚಹಾದ ಗ್ಲಾಸು ನೋಡುತ್ತ ಹೇಳಿದಳು. "ನನಗ ಬಸವಕಲ್ಯಾಣಕ್ಕ ಕೊಟ್ಟಿದ್ರು. ಹದಿನಾಲ್ಕು ತಿಂಗಳಿಗೆ ತಿರುಗಿ ಬಂದೆ. ಕೋರ್ಟಿನ್ಯಾಗ ಎಲ್ಲಾ ಮುಗದಾದ. ನಿಮಗ ಗೊತ್ತಿರಲಿ ಅಂತ."

"ಮೂರನೇ ವಾರನೇ ಗೊತ್ತಾಗ್ಯಾದ್ರಿ. ವೈರ್ ಬಿಚ್ಚಾಕ ಹೋದ ಮನಿಯವರೇ ಹೇಳಿದ್ರು."

"ಕೇಳಿ ಏನ್ ಮಾಡಿದ್ರಿ?"

"ಅಕ್ಕಾರ ಅನ್ನೋದು ಬಿಟ್ಟೆ."

ಶೇವಂತಾ ಗ್ಲಾಸಿನಲ್ಲಿ ಚಹಾ ಮುಗಿದಿದ್ದರೂ ಒಮ್ಮೆ ಬಾಯಿಗೆ ಹಿಡಿದಳು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದಳು. ಆದರೆ ಬಸ್‌ಸ್ಟ್ಯಾಂಡಿಗೆ ಹೋಗದೆ ನೇರ ಅಂಗಡಿಗೆ ಹೋಗಿ, ಕಮಲಾಪುರಕ್ಕೆ ಡೀಲರ್ ಯಾರೆಂದು ಹಮೀದ್ ಸಾಹೇಬರನ್ನು ಕೇಳಿದಳು. ಇನ್ನೂ ಯಾರೂ ಇಲ್ಲ ಎಂದರು ಅವರು. ಹಾಗಾದರೆ ತನಗೆ ಕೊಡಿ ಎಂದಳು. ಕೇಬಲ್‌ನವರು ತಮ್ಮನ್ನು ಬೈಯುವುದನ್ನಷ್ಟೇ ಕೇಳಿದ್ದ ಸಾಹೇಬರಿಗೆ ಇದು ಹೊಸದು. ಊರಿನ ಯಾವ ಮಾಳಿಗೆ ಸೋರುತ್ತದೆ, ಯಾವ ಗೋಡೆಗೆ ಮೊಳೆ ನಿಲ್ಲುತ್ತದೆ ಎಂಬುದು ತನಗೆ ಗೊತ್ತು, ಟಿವಿ ಕೆಟ್ಟರೆ ಜನ ಇವತ್ತಿಗೂ ತನಗೇ ಫೋನ್ ಹಚ್ಚುತ್ತಾರೆ ಎಂದಳು. ಅವರು ಅರ್ಜಿಯ ಹಾಳೆ ತೆಗೆದುಕೊಟ್ಟರು.

ಕಷ್ಟವಾದದ್ದು ತಂದೆಗೆ ಹೇಳುವುದು. ಮಾಳಿಂಗಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಮಾಪಣ್ಣನನ್ನು ಕರೆಸಲು ಹೇಳಿದರು. ಅವನು ಬಂದು ಮಂಚದ ಮುಂದೆ ಕೂತಾಗ, ಕಂಪನಿಯ ಬಗ್ಗೆ, ಕಮಿಷನ್ ಬಗ್ಗೆ ಒಂದೂ ಕೇಳಲಿಲ್ಲ.

"ಮ್ಯಾಲ ಹತ್ತುವಾಗ ಹಗ್ಗ ಕಟಗೋತೀ ಇಲ್ಲ?"

"ಕಟಗೋತೀನ್ರಿ."

"ಆಕಿಗೂ ಕಟ್ಟಾಕ ಕಲಸು. ನಾ ಹೇಳಿದ್ರ ಕೇಳಂಗಿಲ್ಲ." ಅಷ್ಟು ಹೇಳಿ ಅವರು ಗೋಡೆಯ ಕಡೆ ಹೊರಳಿ ಮಲಗಿದರು. ಅವರ ಭುಜ ಸ್ವಲ್ಪ ಹೊತ್ತು ಅಲುಗುತ್ತಿತ್ತು. ಇಬ್ಬರೂ ಅದನ್ನು ನೋಡಿದರು, ನೋಡದವರಂತೆ ಹೊರಗೆ ಬಂದರು.

ಸಾಹೇಬರು ಮಾಪಣ್ಣನನ್ನು ಮತ್ತೆ ಕಮಲಾಪುರಕ್ಕೆ ಹಾಕಿದರು, ಹೊಸ ಡೀಲರ್‌ಗೆ ಕೆಲಸ ಕಲಿಸಲು. ಹೋಟೆಲಿನಲ್ಲಿ ಆಡಿದ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಉತ್ತರ ಅವಳ ಕಡೆ ಇದೆ ಎಂಬಂತೆ ಕಾದ.

ಆಗಸ್ಟಿನ ಒಂದು ಬೆಳಿಗ್ಗೆ ಇಮಾಮಬಿಯವರ ಮನೆಯಲ್ಲಿ ಛತ್ರಿ ಕೂಡಿಸುವುದಿತ್ತು. ಇಮಾಮಬಿ ಹಿಂದಿನ ಓಣಿಯ ಮುದುಕಿ. ಶೇವಂತಾ ಕೇಬಲ್ ಬಿಡುವ ತನಕ ತಾನೂ ಬಿಡುವುದಿಲ್ಲ ಎಂದು ಕೂತವರು. ಅಂಗಳದ ಆಚೆಯ ಅಡುಗೆಮನೆಯ ಮಾಳಿಗೆಯ ಮೇಲೆ ಶೇವಂತಾ ಹಗ್ಗ ಕಟ್ಟಿಕೊಂಡು ಛತ್ರಿ ಹೊರಳಿಸುತ್ತಿದ್ದಳು. ಒಳಮನೆಯಲ್ಲಿ ಟಿವಿಯ ಹತ್ತಿರ ಮಾಪಣ್ಣ ನಿಂತು ಕಿಟಕಿಯಿಂದ ಕೂಗಿ ಹೇಳುತ್ತಿದ್ದ.

"ಬಂತೇನ್ರಿ?"

"ಇನ್ನೂ ಇಲ್ಲ. ಸ್ವಲ್ಪ ಎಡಕ್ಕ."

ಹೊರಳಿಸಿದಳು. ಇನ್ನೂ ಇಲ್ಲ ಎಂದ. ಬಲಕ್ಕೆ ಎಂದ. ಬಿಸಿಲು ಏರಿತ್ತು. ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡು ಮತ್ತೆ ಹೊರಳಿಸಿದಳು. ಆಗ ಇಮಾಮಬಿ ಅಂಗಳಕ್ಕೆ ಬಂದು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು.

"ಇಳಿ ಬೇಟಿ. ಚಿತ್ರ ಬಂದು ಭಾಳ ಹೊತ್ತಾತು. ಇವ ಟಿವಿ ಕಡಿ ನೋಡಂಗೇ ಇಲ್ಲ, ಖಿಡಕಿಯಾಗ ನಿಂತು ನಿನ್ನ ನೋಡ್ಲಾಕತ್ತಾನ."

ಶೇವಂತಾ ನಟ್ಟುಗಳನ್ನು ಒಂದೊಂದಾಗಿ ಬಿಗಿದಳು. ಹಗ್ಗ ಬಿಚ್ಚಿ ಏಣಿಗೆ ಕಾಲಿಟ್ಟಳು. ಅಷ್ಟರಲ್ಲಿ ಮಾಪಣ್ಣ ಓಡಿ ಬಂದು ಕೆಳಗೆ ಏಣಿ ಹಿಡಿದಿದ್ದ, ತಲೆ ತಗ್ಗಿಸಿಕೊಂಡು. ಇನ್ನೆರಡು ಮೆಟ್ಟಿಲು ಉಳಿದಾಗ ಅವಳು ನಿಂತು ಅವನ ಕಡೆ ತಿರುಗಿದಳು. ಅವನ ಮುಖ ಅವಳ ಮುಖಕ್ಕೆ ಸಮನಾಗಿತ್ತು. ಅವನ ಕಿವಿ ಕೆಂಪಾಗಿದ್ದವು.

"ನಮ್ಮಪ್ಪನ ಸಂಗಟ ಯಾವಾಗ ಮಾತಾಡತೀರಿ?" ಎಂದಳು.

ಅವನು ಏಣಿ ಹಿಡಿದ ಕೈ ಬಿಡಲಿಲ್ಲ. "ಈಗ ಹೋಗೋಣೇನು?"

"ಇವತ್ತ ಇನ್ನೂ ಎರಡು ಮನಿ ಅವ," ಎಂದು ಶೇವಂತಾ ಕೆಳಗಿಳಿದಳು. "ಮುಗಿಸಿ ಇಬ್ಬರೂ ಕೂಡಿ ಹೋಗೋಣು."