ಒಂದು ಬಿಟ್ಟು ಒಂದು ಕ್ಲಿಪ್ಪು

೧೯೬೪ರ ಜನವರಿ ೯, ಗುರುವಾರ ಬೆಳಿಗ್ಗೆ ಅತ್ತಾವರದ ಡಾಕ್ಟರ್ ಹ್ಯೂಬರ್ಟ್ ಠಾಣೆಗೆ ನುಗ್ಗಿ ಬಂದವರು ಕೂರಲೂ ಇಲ್ಲ. ಬಲ್ಮಠದ ಇಳಿಜಾರಿನಲ್ಲಿ ಅವರ ಹಳೆಯ ವಿಲಾಯತಿ ಕಾರಿನ ಮುಂದಿನ ಗಾಜಿನ ಸುತ್ತ ಇದ್ದ ಬೀಡಿಂಗ್ ಎಂಬ ಲೋಹದ ಪಟ್ಟಿ ಕಿತ್ತು ಹಾರಿ, ಮೀನು ಮಾರುವ ಹೇಮಾಕ್ಷಿಯ ಮುಖಕ್ಕೆ ಬಡಿದಿತ್ತು. ಅವಳ ಬಲಗಣ್ಣು ಉಳಿಯುವುದು ಅನುಮಾನವಾಗಿತ್ತು.

“ನನ್ನನ್ನು ಮುಗಿಸಲಿಕ್ಕೆ ಯಾರೋ ಮಾಡಿದ ಕೆಲಸ ಇದು!” ಎಂದರು ಡಾಕ್ಟರು.

ಇನ್‌ಸ್ಪೆಕ್ಟರ್ ಝಕರಿಯಾ ಏನೂ ಇಲ್ಲದ ದಿನಗಳಲ್ಲೇ ಒಂದು ಕಡೆ ಕೂರುವ ಆಸಾಮಿಯಲ್ಲ. ಎಫ್‌ಐಆರ್ ಬರೆಸಿದವರೇ ಟೊಪ್ಪಿ ಎತ್ತಿಕೊಂಡು ಹೊರಟರು. ಸ್ಥಳದಲ್ಲಿ ಪಂಚನಾಮೆ ನಡೆಯಿತು. ಪಟ್ಟಿಯನ್ನು ಹಿಡಿದಿಡುವ ಪುಟ್ಟ ಉಕ್ಕಿನ ಕ್ಲಿಪ್ಪುಗಳ ಸಾಲಿನ ಮೇಲೆ ಕಾನ್‌ಸ್ಟೇಬಲ್ ನೋಣಯ್ಯ ಬೆರಳಾಡಿಸಿದ.

“ಇಲ್ಲಿ ಉಂಟು ಸಾರ್. ಇಲ್ಲಿ ಇಲ್ಲ. ಪುನಃ ಉಂಟು. ಪುನಃ ಇಲ್ಲ.”

“ಉದುರಿ ಹೋಗಿರಬಹುದು ಮಾರಾಯ.”

“ಉದುರುವುದು ಹೀಗೆ ಒಂದು ಬಿಟ್ಟು ಒಂದಾ ಸಾರ್?”

ಅದೇ ಝಕರಿಯಾರಿಗೆ ತಲೆಬಿಸಿ. ಕೊಲ್ಲಬೇಕೆಂದವನು ಅರ್ಧ ಬಿಡುತ್ತಾನೆಯೆ? ಕದಿಯುವವನಾದರೂ ಬಿಡುತ್ತಾನೆಯೆ? ಎಂಥ ಕಳ್ಳನಪ್ಪ ಇವನು!

“ಡಾಕ್ಟರೇ, ಈ ಗಾಜಿಗೆ ಕೊನೆಗೆ ಕೈ ಹಾಕಿದ್ದು ಯಾರು?”

“ಪಿಯುಸ್. ಮದುವೆ ಕಾರು ಓಡಿಸುವವ. ಕಳೆದ ವಾರ ರಬ್ಬರ್ ಬದಲಿಸಿದ. ಕೂಲಿ ಕೊಟ್ಟರೆ ಬೇಡ ಅಂದ. ಪಾಪದವ.”

“ಬೇಡ ಅಂದದ್ದು ಯಾಕೆ?”

ಕ್ಲಿಪ್ಪು ಎಲ್ಲ ಸರಿಯಾಗಿಯೇ ಹಾಕಿದ್ದೆ ಎಂದು ಪಿಯುಸ್ ಅಂದೇ ಹೇಳಿಕೆ ಕೊಟ್ಟ; ಅದನ್ನು ಸುಳ್ಳೆನ್ನಲು ಸಾಕ್ಷಿ ಇರಲಿಲ್ಲ.

ಭಾನುವಾರ ಹೇಮಾಕ್ಷಿಗೆ ಮಾತಾಡಲು ಶಕ್ತಿ ಬಂತು. ಬಲಗಣ್ಣು ಹೋಯಿತೆಂದು ಆಸ್ಪತ್ರೆಯವರು ಆಗಲೇ ತಿಳಿಸಿದ್ದರು. ಎರಡೂ ಕಣ್ಣಿಗೆ ಬ್ಯಾಂಡೇಜು ಕಟ್ಟಿದ್ದ ಅವಳ ಹಾಸಿಗೆಯ ಪಕ್ಕ ಝಕರಿಯಾ ನಿಂತರು.

“ನೋಡಲಿಕ್ಕೆ ಯಾರು ಬರ್ತಾರೆ?”

“ಒಬ್ಬರು ಪೊರ್ಬು, ಮಾತಿನಲ್ಲೇ ಕ್ರಿಸ್ತಾನರು ಅಂತ ಗೊತ್ತಾಗ್ತದೆ, ದಿನಾ ಗಂಜಿ ತರ್ತಾರೆ. ಯಾವ ಇಗರ್ಜಿಯವರೋ, ಹೆಸರು ಹೇಳುದಿಲ್ಲ. ಕೈಯಿಂದ ಗ್ರೀಸ್ ವಾಸನೆ ಬರ್ತದೆ.”

ಝಕರಿಯಾ ಜೀಪಿನವರೆಗೂ ಓಡಿದರು.

ಕಂಕನಾಡಿಯಲ್ಲಿ ಪಿಯುಸನ ಶೆಡ್ಡಿನಲ್ಲಿ ಡಾಕ್ಟರ ಕಾರಿನ ಮಾದರಿಯದೇ ಇನ್ನೊಂದು ಕಾರು ನಿಂತಿತ್ತು. ಗುಜರಿಯಿಂದ ತಂದು ಪಿಯುಸ್ ವರ್ಷಗಟ್ಟಲೆ ತಿದ್ದಿದ್ದು. ಗಾಜಿನ ಸುತ್ತಲೂ ಪಟ್ಟಿ ಫಳಫಳ ಹೊಳೆಯುತ್ತಿತ್ತು.

“ಕ್ಲಿಪ್ಪು ಎಲ್ಲಿಂದ ಬಂತು?”

“ಮಾಡಿಸಿದ್ದು ಸಾರ್.”

“ಹೇಮಾಕ್ಷಿಗೆ ಗಂಜಿ?”

ಪಿಯುಸ್ ನೆಲದ ಮೇಲೆಯೇ ಕೂತ.

“ಕ್ಲಿಪ್ಪಿಗೆ ಮದ್ರಾಸಿನಲ್ಲಿ ಕೇಳಿದೆ, ಬೊಂಬಾಯಿಯಲ್ಲಿ ಕೇಳಿದೆ. ಹೊರದೇಶದಿಂದ ಬರುವುದೇ ನಿಂತಿದೆಯಂತೆ. ಡಾಕ್ಟರ ಕಾರಿನದ್ದು ಒಂದು ಬಿಟ್ಟು ಒಂದು ತೆಗೆದರೆ ಇಬ್ಬರದ್ದೂ ನಡೀತದೆ ಅಂತ ಎಣಿಸಿದೆ. ದೇವರಾಣೆ ಸಾರ್, ಆ ಹೆಂಗಸಿನ ಕಣ್ಣು…” ಮುಂದಿನದು ಅಳುವಿನಲ್ಲಿ ಕೇಳಿಸಲಿಲ್ಲ.

“ಇಷ್ಟಕ್ಕೂ ಎಂತ ಅರ್ಜೆಂಟಿತ್ತು ನಿನಗೆ?”

“ನಾಳೆ ನನ್ನ ಲಿಲ್ಲಿಯ ಮದುವೆ. ಊರವರ ಮದುಮಗಳಂದಿರಿಗೆಲ್ಲ ಕಾರಿನ ಬಾಗಿಲು ತೆಗೆದು ನಿಂತವ ನಾನು. ನನ್ನ ಮಗಳು ಇಗರ್ಜಿಗೆ ನಡಕೊಂಡು ಹೋಗಬಾರದು ಅಂತ… ನಾಳೆ ಒಂದು ದಿನ ಬಿಡಿ ಸಾರ್. ಮುಗಿಸಿ ನಾನೇ ಬರ್ತೇನೆ.”

ಝಕರಿಯಾ ಕಾರಿಗೆ ಎರಡು ಸುತ್ತು ಬಂದರು. ಬಿಡಬೇಕೆಂದು ಅವರಿಗೆ ನಿಜವಾಗಿಯೂ ಅನಿಸಿತು. ನೋಣಯ್ಯ ಮುಖ ಬೇರೆ ಕಡೆ ತಿರುಗಿಸಿ ನಿಂತಿದ್ದ. ಹೇಮಾಕ್ಷಿಯ ಬ್ಯಾಂಡೇಜು ಕಣ್ಣೆದುರಿನಿಂದ ಹೋಗಲೇ ಇಲ್ಲ.

“ಏಳು ಪಿಯುಸ್,” ಎಂದರು.

ಸಂಜೆ ೫.೪೦ಕ್ಕೆ ದಸ್ತಗಿರಿ. ಆರು ಗಂಟೆಗೆಲ್ಲ ಲಿಲ್ಲಿ ಠಾಣೆಗೆ ಬಂದಳು. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ಹಚ್ಚಿದ ತೆಂಗಿನ ಹಾಲಿನ ಪಸೆ ಅಂಗೈಯಲ್ಲಿ ಇನ್ನೂ ಆರಿರಲಿಲ್ಲ. ಲಾಕಪ್ಪಿನ ಸರಳು ಹಿಡಿದು ನಿಂತಳು.

“ಕಾರು ಬೇಕೂಂತ ನಾನು ಯಾವತ್ತಾದರೂ ಕೇಳಿದ್ದೇನಾ ಪಪ್ಪಾ? ಕೈ ಹಿಡಿದು ಕರಕೊಂಡು ಹೋಗಲಿಕ್ಕೆ ನೀನೊಬ್ಬ ಸಾಕಿತ್ತಲ್ಲ.”

ಝಕರಿಯಾ ಎದ್ದು ಜಗಲಿಗೆ ಹೋದರು.

ಸೋಮವಾರ ಮಧ್ಯಾಹ್ನ ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ಅಷ್ಟು ಹೊತ್ತಿಗೆ ಲಿಲ್ಲಿ, ಸೋದರಮಾವನ ಕೈ ಹಿಡಿದು, ಇಗರ್ಜಿಗೆ ನಡೆದೇ ಹೋಗಿ ಮದುವೆಯಾಗಿದ್ದಳು.