ಇವತ್ತೇ ಹುಷಾರಾಗಬೇಡ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ರೀಸ್ಟಾರ್ಟ್ ಕೊಟ್ಟರಂತೆ.

ಎಮ್ಮೆಗೆ ಕೊಟ್ಟಿದ್ದು ರೀಸ್ಟಾರ್ಟ್ ಅಲ್ಲ, ಹಾಕಿದ್ದು ಬರೆ ಅಂತ ನೀವು ಹುಬ್ಬು ಗಂಟಿಕ್ಕುವ ಮೊದಲೇ ಹೇಳಿಬಿಡುತ್ತೇನೆ: ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತಾರೆ, ಇಲ್ಲಿ ಗಾದೆ ಸುಳ್ಳಾದರೂ ಕಥೆ ಸುಳ್ಳಾಗದು. ಈ ಕಥೆಯಲ್ಲಿ ಎಮ್ಮೆ ಅಂದರೆ ಒಂದು ಕಂಪ್ಯೂಟರ್. ಜ್ವರ ಯಾರಿಗೆ ಬಂದಿತ್ತು ಅನ್ನೋದನ್ನ ಕೊನೆಗೆ ನೀವೇ ಹೇಳುವಿರಂತೆ.

ಅವಳನ್ನು ಮನೆಯಲ್ಲಿ ಕರೆಯುತ್ತಿದ್ದುದೇ ಗಿಳಿ ಅಂತ. ಯಾರ ದನಿ ಕಿವಿಗೆ ಬಿದ್ದರೂ ಸಂಜೆಯೊಳಗೆ ಅದನ್ನು ಬಡ್ಡಿ ಸಮೇತ ತಿರುಗಿ ಒಪ್ಪಿಸುವ ಹುಡುಗಿ. ಪಕ್ಕದ ಮನೆಯ ಅಂಕಲ್ ಸೀನುವ ಮುಂಚಿನ ಆ ಮೂರು ತಯಾರಿ, ಲಿಫ್ಟಿನ ಬಾಗಿಲಿನ ಗೊಣಗಾಟ, ಕಾಲೇಜಿನಲ್ಲಿ ಪಾಠ ಮಾಡುತ್ತಲೇ ನಿದ್ದೆ ಹೋಗುತ್ತಿದ್ದ ಮೇಷ್ಟ್ರು, ಎಲ್ಲ ಅವಳ ಗಂಟಲಲ್ಲಿ ಬಾಡಿಗೆಗಿದ್ದರು. ಈಗ ಅದೇ ಅವಳ ಉದ್ಯೋಗ. ಮಕ್ಕಳ ಆಡಿಯೋ ಕಥೆಗಳಿಗೆ ದನಿ ಕೊಡುವುದು. ಕೋಣೆಯ ಗೋಡೆಗೆಲ್ಲ ಹಳೆಯ ಕಂಬಳಿ ತೂಗುಹಾಕಿ, ಬಾಗಿಲು ಭದ್ರ ಮಾಡಿ, ಹೆಡ್‌ಫೋನ್ ಏರಿಸಿ ಕಣ್ಣು ಮುಚ್ಚಿದಳೆಂದರೆ ನರಿಯೂ ಅವಳೇ, ಕಾಗೆಯೂ ಅವಳೇ, ಮುದುಕಿ ಆಮೆಯೂ ಅವಳೇ. ಕಣ್ಣು ಮುಚ್ಚದೆ ಬೇರೆಯವರಾಗಲು ಅವಳಿಗೆ ಬರುತ್ತಿರಲಿಲ್ಲ. ಇದೊಂದು ನೆನಪಿರಲಿ.

ಆ ತಿಂಗಳು ನಿರ್ಮಾಪಕಿ ಫೋನ್ ಮಾಡಿದ್ದರು. "ನಿನ್ನ ನರಿಗೆ ನೂರಕ್ಕೆ ನೂರು ಕಣೇ. ಆದ್ರೆ ಹೊಸ ಸರಣಿಗೆ ನನಗೆ ಪ್ರಾಣಿ ಬೇಡ, ಕಥೆ ಹೇಳೋಳು ಬೇಕು. ಯಾರ ಹಾಗೂ ಅಲ್ಲ, ನಿನ್ನ ಹಾಗೆ. ಭಾನುವಾರದೊಳಗೆ ಕಳಿಸು. ಇಲ್ಲಾಂದ್ರೆ ಬೇರೆಯವರನ್ನ ನೋಡ್ತೀನಿ."

ನನ್ನ ಹಾಗೆ ಅಂದರೆ ಯಾರ ಹಾಗೆ?

ಗಿಳಿ ಮೈಕಿನ ಮುಂದೆ ಕೂತು "ಒಂದಾನೊಂದು ಕಾಲದಲ್ಲಿ" ಅಂದರೆ ಸುದ್ದಿ ಓದುವವಳು ಬಂದು ಕೂರುತ್ತಿದ್ದಳು. ಇನ್ನೊಮ್ಮೆ ಅಂದರೆ ಅಮ್ಮ. ಮತ್ತೊಮ್ಮೆ ಅಂದರೆ ನಿರ್ಮಾಪಕಿಯೇ. ಹೇಗೋ ತಿಣುಕಿ ತಿಣುಕಿ ಏನೋ ಒಂದು ನಾಲಿಗೆಯ ತುದಿಗೆ ಬಂತು ಅನ್ನುವಾಗ ಹೆಡ್‌ಫೋನಿನಲ್ಲಿ ಟಪ್ ಅನ್ನುವ ಸದ್ದು. ಕಣ್ಣು ಬಿಟ್ಟರೆ ಪರದೆ ಕಪ್ಪು. ಒಂದು ನಿಟ್ಟುಸಿರು ಬಿಟ್ಟು ಕಂಪ್ಯೂಟರ್ ತಾನೇ ಎದ್ದು ಕೂರುತ್ತಿತ್ತು, ಏನೂ ನಡೆದೇ ಇಲ್ಲ ಅನ್ನೋ ಹಾಗೆ. ಹೇಳಿದ್ದೆಲ್ಲ ನೀರಲ್ಲಿ ಹೋಮ.

ಹಾಗೆ ಬಂದವನು ಅವನು. ಬೀದಿ ಕೊನೆಯ ರಿಪೇರಿ ಅಂಗಡಿಯವನು. ಉದ್ದನೆ ಕೈಬೆರಳು, ಕಡಿಮೆ ಮಾತು. ಪೆಟ್ಟಿಗೆ ಬಿಚ್ಚಿ, ಒಳಗಿನ ಧೂಳನ್ನು ಸಣ್ಣ ಬ್ರಷ್ಷಿನಿಂದ ಗುಡಿಸತೊಡಗಿದ. ನಿದ್ದೆ ಮಾಡುವ ಮಗುವಿನ ಹಣೆಯ ಕೂದಲು ಸರಿಸುವವನ ಹಾಗೆ. ಕಿಟಕಿಯಿಂದ ಬಂದ ಬಿಸಿಲಕೋಲಿನಲ್ಲಿ ಧೂಳು ಚಿನ್ನದ ಪುಡಿಯಾಗಿ ತೇಲಿತು. ಗಿಳಿ ಅದನ್ನೇ ನೋಡುತ್ತ ನಿಂತಳು. ಧೂಳನ್ನೇ, ಅಂತ ತನಗೆ ತಾನೇ ಹೇಳಿಕೊಂಡಳು.

"ಏನಾಗಿದೆ ಇದಕ್ಕೆ?"

"ಹ್ಮ್... ನೋಡೋಣ."

"ಸರಿಹೋಗುತ್ತಾ?"

"ಹ್ಮ್... ನೋಡೋಣ."

ಅವನು ಮೆಟ್ಟಿಲಿಳಿದ ಸದ್ದು ಮುಗಿದದ್ದೇ ತಡ, ಗಿಳಿ ನಡುಮನೆಯಲ್ಲಿ ಅಮ್ಮನ ಮುಂದೆ ಶುರುಮಾಡಿದಳು. ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ, "ಹ್ಮ್... ನೋಡೋಣ. ಭೂಕಂಪ ಆಗ್ತಿದೆಯಾ? ನೋಡೋಣ. ಮನೆಗೆ ಬೆಂಕಿ ಬಿತ್ತಾ? ಹ್ಮ್..." ಅಮ್ಮ ನಗದೆ ಕಣ್ಸನ್ನೆ ಮಾಡುತ್ತಿದ್ದಳು. ಮುಚ್ಚಿದ ಕಣ್ಣಿಗೆ ಸನ್ನೆ ಕಂಡೀತೇ? ತಿರುಗಿದರೆ ಬಾಗಿಲಲ್ಲಿ ಅವನು. ಮರೆತ ಸ್ಕ್ರೂಡ್ರೈವರ್‌ಗೆ ವಾಪಸ್ ಬಂದಿದ್ದ.

"'ಹ್ಮ್' ಗಂಟಲಿಂದ ಬರ್ತಿದೆ ಮೇಡಂ," ಅಂದ, ಮುಖದ ಒಂದು ಗೆರೆಯೂ ಅಲುಗದ ಹಾಗೆ. "ನಂದು ಹೊಟ್ಟೆಯಿಂದ ಬರೋದು. ಇನ್ನೊಂದು ಸಲ ಮಾಡಿ, ನೋಡೋಣ."

ಆ ಸಂಜೆಯಿಡೀ ಗಿಳಿ ಯಾರ ದನಿಯನ್ನೂ ಮಾಡಲಿಲ್ಲ. ಅವಳಿಗೇನೋ ಆಗಿದೆ ಅಂತ ಅಮ್ಮನಿಗೆ ಆಗಲೇ ಅನಿಸಿತ್ತು. ಕಂಪ್ಯೂಟರಿಗೂ ವಾಸಿಯಾಗಲಿಲ್ಲ.

ಅವನು ಮತ್ತೆ ಬಂದ. RAM ತೆಗೆದು, ಶಾಲೆ ಮಕ್ಕಳ ರಬ್ಬರಿನಿಂದ ಅದರ ಹಲ್ಲು ಉಜ್ಜಿ ಕೂರಿಸಿದ. ಮತ್ತೆ ಬಂದ. ಪವರ್ ಸಪ್ಲೈ ಡಬ್ಬಿಯನ್ನೇ ಬದಲಿಸಿದ. ವಿಚಿತ್ರ ಅಂದರೆ, ಅವನು ಇರುವಷ್ಟು ಹೊತ್ತು ಕಂಪ್ಯೂಟರ್ ಒಂದು ಸಲವೂ ಆರಿ ಬೀಳುತ್ತಿರಲಿಲ್ಲ. ವೈದ್ಯರ ಮುಖ ಕಂಡ ಕೂಡಲೇ ಹೊಟ್ಟೆನೋವು ಮಾಯವಾಗುವ ಮಗುವಿನ ಹಾಗೆ ತಣ್ಣಗೆ ಗುನುಗುತ್ತ ಕೂತಿರುತ್ತಿತ್ತು.

"ನಿಜವಾಗ್ಲೂ ಬೀಳುತ್ತಾ ಇದು?" ಅಂತ ಅವನು ಒಮ್ಮೆ ಕೇಳಿದ.

"ಮತ್ತೆ? ನಿಮ್ಮನ್ನ ಕರೆಸೋಕೆ ನಾನೇ ಕಥೆ ಕಟ್ತೀನಾ?" ಅಂದವಳಿಗೆ ಕಿವಿ ಬಿಸಿಯಾಯಿತು. ಅವನು ಒಂದು ಕ್ಷಣ ತಲೆಯೆತ್ತಿ ನೋಡಿ, ಮತ್ತೆ ಸ್ಕ್ರೂ ತಿರುಗಿಸತೊಡಗಿದ. ಆಗಲೇ ಬಿಗಿಯಾಗಿದ್ದ ಸ್ಕ್ರೂ.

ಅವನು ಬಂದರೆ ಗಿಳಿಗಿಂತ ಹೆಚ್ಚು ಹಿಗ್ಗುತ್ತಿದ್ದವರು ಅಪ್ಪ. ದಿನಾ ನಡೆಯಬೇಕು ಅಂತ ಡಾಕ್ಟರ್ ಹೇಳಿದ್ದಕ್ಕೆ ಅಮ್ಮ ಹಿಂದಿನ ಬಾಲ್ಕನಿಯಲ್ಲಿ ಟ್ರೆಡ್‌ಮಿಲ್ ತಂದಿಟ್ಟಿದ್ದಳು. ಅಮ್ಮನ ಚಪ್ಪಲಿ ಸದ್ದು ಹತ್ತಿರವಾದರೆ ಅಪ್ಪ ಸ್ವಿಚ್ ಒತ್ತಿ ನಡೆಯುತ್ತಿದ್ದರು, ದೂರವಾದರೆ ಆರಿಸಿ ನಿಲ್ಲುತ್ತಿದ್ದರು. ಕರೆಗಂಟೆ ಸದ್ದಾಯಿತೋ, ಹೆಗಲಿಗೆ ಟವೆಲ್ ಹಾಕಿಕೊಂಡು ಮೊದಲು ಬಾಗಿಲಿಗೆ ಓಡುತ್ತಿದ್ದರು. "ಬನ್ನಿ ಬನ್ನಿ, ಕಂಪ್ಯೂಟರ್ ಡಾಕ್ಟ್ರೇ! ನೀವು ಬಂದ್ರೆ ನಾನು ಬದುಕಿಕೊಳ್ತೀನಿ." ಅವನು ಹೋಗುವವರೆಗೂ ಅಪ್ಪ ಸೋಫಾ ಬಿಟ್ಟು ಏಳುತ್ತಿರಲಿಲ್ಲ. ಅತಿಥಿಯನ್ನು ಬಿಟ್ಟು ನಡೆಯುವುದು ಮರ್ಯಾದೆಯೇ?

ಶನಿವಾರ ಬಂತು. ನಾಳೆಯೇ ಕೊನೆಯ ದಿನ. ಗಿಳಿಯ ಕೈಯಲ್ಲಿ ಒಂದು ಸಾಲೂ ಇಲ್ಲ.

ಅವನು ಸಂಜೆ ಬಿಸಿಲಿಗೆ ಬಂದು ಕೂತ. "ಕೆಲಸ ಕೊಟ್ಟಾಗ ತಾನೇ ಬೀಳೋದು? ಕೆಲಸ ಕೊಡೋಣ. ರೆಕಾರ್ಡಿಂಗ್ ಓಡ್ತಾ ಇರ್ಲಿ. ನಿಮಿಷಕ್ಕೊಂದು ಸಲ ತಾನೇ ಸೇವ್ ಆಗೋ ಹಾಗೆ ಮಾಡಿದೀನಿ. ನಾವು ಸುಮ್ಮನೆ ಕಾಯೋಣ."

"ಸುಮ್ಮನೆ ಅಂದ್ರೆ?"

"ಮಾತಾಡ್ತಾ."

ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಹೊತ್ತಿಕೊಂಡಿತು. ಕಂಬಳಿಗಳ ನಡುವಿನ ಆ ಮೌನ ಹತ್ತಿಯ ಹಾಗೆ ಮೆತ್ತಗಿತ್ತು. ಕಿಟಕಿಯ ಬೆಳಕು ಮೊದಲು ಜೇನಿನ ಬಣ್ಣಕ್ಕೆ, ಆಮೇಲೆ ಚಹಾದ ಬಣ್ಣಕ್ಕೆ ತಿರುಗಿತು. ಗಿಳಿ ಟೇಬಲ್ ದೀಪ ಹಾಕಿದಳು. ಅವನ ಮುಖದ ಅರ್ಧ ದೀಪಕ್ಕೂ ಇನ್ನರ್ಧ ಸಂಜೆಗೂ ಸೇರಿಹೋಯಿತು.

"ಮೊಟ್ಟಮೊದಲು ಯಾರ ದನಿ ಮಾಡಿದ್ದು?" ಅಂತ ಕೇಳಿದ.

"ಅಮ್ಮಂದು. ನಾನು ಚಿಕ್ಕೋಳಿದ್ದಾಗ ಅಮ್ಮನ ಗಂಟಲು ಕಟ್ಟಿಹೋಗಿತ್ತು. ಮಾತೇ ಆಡಬಾರದು ಅಂದಿದ್ರು ಡಾಕ್ಟ್ರು. ಅಪ್ಪನಿಗೆ ಬೈಯೋಕೂ ಆಗ್ತಿರ್ಲಿಲ್ಲ, ಪಾಪ. ಅದಕ್ಕೆ ಅಮ್ಮ ಕೈ ಆಡಿಸೋಳು, ನಾನು ಪಕ್ಕದಲ್ಲಿ ನಿಂತು ಅವಳ ದನೀಲಿ ಬೈತಿದ್ದೆ. ಅಪ್ಪ ಇಬ್ಬರಿಗೂ ಹೆದರಿಕೊಂಡು ತಟ್ಟೆ ತೊಳೀತಿದ್ರು." ನಕ್ಕಳು. ಆಮೇಲೆ ಮೆಲ್ಲಗೆ, "ಅಮ್ಮನ ಗಂಟಲು ವಾಸಿಯಾಯ್ತು. ನನಗೆ ಮಾತ್ರ ಬೇರೆಯವರ ದನೀಲಿ ಇರೋದೇ ಆರಾಮ ಅನಿಸಿಬಿಡ್ತು," ಅಂದಳು.

ಅವನು ದೀಪವನ್ನು ತುಸು ಅವಳ ಕಡೆ ತಿರುಗಿಸಿದ. "ಈಗ ಇದು ಯಾರ ದನಿ?"

"ಯಾವುದು?"

"ಈಗ ಮಾತಾಡ್ತಿರೋದು."

ಗಿಳಿ ಬಾಯಿ ತೆರೆದಳು. ಯಾರ ಹೆಸರೂ ಹೊಳೆಯಲಿಲ್ಲ.

ಅವನು ಅವಳನ್ನು ಹಾಗೇ ಬಿಟ್ಟು, ಹೊರಗಿನ ಮೀಟರ್ ಬೋರ್ಡ್ ನೋಡಿ ಬರುತ್ತೇನೆ ಅಂತ ಎದ್ದು ಹೋದ. ಗಿಳಿ ಒಬ್ಬಳೇ ಉಳಿದಳು, ಬೆಚ್ಚಗೆ ಗುನುಗುವ ಪೆಟ್ಟಿಗೆಯ ಜೊತೆ. ಅದರ ಮೇಲೆ ಕೆನ್ನೆಯಿಟ್ಟು ಏನನ್ನೋ ಪಿಸುಗುಟ್ಟಿದಳು. ಏನು ಅಂತ ಈಗಲೇ ಹೇಳುವುದಿಲ್ಲ.

ಅವನು ಬಂದಾಗಲೂ ಕಂಪ್ಯೂಟರ್ ಗಟ್ಟಿಮುಟ್ಟಾಗಿತ್ತು. "ಹ್ಮ್," ಅಂದ. ಈ ಸಲ 'ನೋಡೋಣ' ಬರಲಿಲ್ಲ. "ಹುಷಾರಾಗಿದೆ ಅನ್ಸುತ್ತೆ. ನಾನಿನ್ನು ಬರಬೇಕಾಗಲ್ಲ."

"ಒಳ್ಳೇದಾಯ್ತು," ಅಂದಳು ಗಿಳಿ. ಸುದ್ದಿ ಓದುವವಳ ದನಿಯಲ್ಲಿ.

ಅವನು ಒಂದೊಂದೇ ಸಾಮಾನನ್ನು ಬ್ಯಾಗಿಗೆ ಇಳಿಸಿದ, ಅವಸರವೇ ಇಲ್ಲದ ಹಾಗೆ. ಹೊರಬಾಗಿಲಲ್ಲಿ ಕೂತು ಶೂ ಲೇಸ್ ಕಟ್ಟಿದ, ಬಿಚ್ಚಿ ಮತ್ತೆ ಕಟ್ಟಿದ. ಅಷ್ಟರಲ್ಲಿ ಅಮ್ಮನ ದನಿ: "ಬಂದವರು ಹೊರಟರು. ಇನ್ನು ತಾವು ಏಳ್ತೀರಾ?" ಅಪ್ಪನ ನಿಟ್ಟುಸಿರು ಬಾಲ್ಕನಿಯ ಕಡೆ ಸಾಗಿತು. ಗಿಳಿ ಕೋಣೆಯಲ್ಲಿ ಕೆಂಪು ಚುಕ್ಕೆಯನ್ನೇ ನೋಡುತ್ತ ಕೂತಿದ್ದಳು. ಯಾರಾಗಲೂ ಮನಸ್ಸಿರಲಿಲ್ಲ, ಹಾಗಾಗಿ ಕಣ್ಣು ತೆರೆದೇ ಇತ್ತು.

ಟೇಬಲ್ ದೀಪ ಕಣ್ಣು ಮಿಟುಕಿಸಿತು. ಟಪ್! ಪರದೆ ಕಪ್ಪಾಯಿತು.

"ರೀ! ಬನ್ರೀ ಇಲ್ಲಿ!" ಗಿಳಿ ಕಿರುಚಿದಳು.

ಆ ಮನೆಯಲ್ಲಿ 'ರೀ' ಅನ್ನುವ ಹಕ್ಕು ಅಮ್ಮನದು ಮಾತ್ರ. ಆ ಕೂಗಿಗೆ ಬಾಲ್ಕನಿಯಿಂದ ಅಪ್ಪ "ಏನೇ?" ಅನ್ನುತ್ತ ಟ್ರೆಡ್‌ಮಿಲ್ ಆರಿಸಿ ಓಡಿಬಂದರು, ಬಾಗಿಲಿಂದ ಅವನು ಒಂದೇ ಶೂನಲ್ಲಿ ಓಡಿಬಂದ. ಇಬ್ಬರೂ ಕೋಣೆಯ ಹೊಸ್ತಿಲಲ್ಲಿ ಡಿಕ್ಕಿ ಹೊಡೆದುಕೊಂಡರು. ಅಡುಗೆಮನೆಯಿಂದ ಬಂದ ಅಮ್ಮ ಇಬ್ಬರನ್ನೂ ನೋಡಿ, ಮಗಳನ್ನು ನೋಡಿ, ಒಂದು ಹುಬ್ಬನ್ನು ಮಾತ್ರ ಏರಿಸಿದಳು.

"ದೀಪ ಮಿಟುಕಿತು. ನಾನೇ ನೋಡ್ದೆ! ಅದಾದ ತಕ್ಷಣ ಇದು ಬಿತ್ತು!"

ಅವನು ದೀಪ ನೋಡಿದ. ಬೆವರೇ ಇಲ್ಲದ ಅಪ್ಪನ ಟವೆಲ್ ನೋಡಿದ. "ಸರ್, ನಿಮ್ಮ ಮಿಷಿನ್ ಇನ್ನೊಂದು ಸಲ ಆನ್ ಮಾಡ್ತೀರಾ?"

ಆನ್. ಟಪ್. ಇನ್ನೊಮ್ಮೆ ಆನ್. ಟಪ್.

"ಕೋಣೆಗೂ ಬಾಲ್ಕನಿಗೂ ಒಂದೇ ಲೈನು," ಅಂದ ಅವನು. "ಮಿಷಿನ್ ಶುರುವಾಗೋವಾಗ ಒಂದೇ ಗುಟುಕಿಗೆ ಕರೆಂಟ್ ಕುಡಿದುಬಿಡುತ್ತೆ. ಆ ಕ್ಷಣ ಇದಕ್ಕೆ ಉಸಿರು ಸಿಗಲ್ಲ. ನಾನು ಬಂದಾಗೆಲ್ಲ ಸರ್ ಸೋಫಾದಲ್ಲಿ ಇರ್ತಿದ್ರು..."

"ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು," ಅಂದಳು ಅಮ್ಮ.

"ನಾನು ಮೊದಲೇ ಹೇಳಿದ್ದೆ," ಅಂದರು ಅಪ್ಪ ಸಂಭ್ರಮದಿಂದ. "ಈ ಮಿಷಿನ್ನು ಯಾರ ಆರೋಗ್ಯಕ್ಕೂ ಒಳ್ಳೇದಲ್ಲ ಅಂತ!"

"ಅಡುಗೆಮನೆ ಲೈನಿಗೆ ಹಾಕಿದ್ರೆ ಮುಗೀತು ಸರ್."

"ಬಾಲ್ಕನಿ ಬೇಡ, ಅಡುಗೆಮನೆ ಬಾಗಿಲಲ್ಲೇ ಇಡೋಣ," ಅಂದಳು ಅಮ್ಮ. "ನನ್ನ ಕಣ್ಣೆದುರಿಗೇ ನಡೀತಾರೆ."

ಅಪ್ಪನ ಸಂಭ್ರಮ ರೀಸ್ಟಾರ್ಟ್ ಆಗಲೇ ಇಲ್ಲ.

ಅಷ್ಟರಲ್ಲಿ ಕಂಪ್ಯೂಟರ್ ಎದ್ದು ಕೂತಿತ್ತು. "ರೆಕಾರ್ಡಿಂಗ್ ಉಳಿದಿದೆಯಾ ನೋಡೋಣ," ಅನ್ನುತ್ತ ಅವನು ಹೆಡ್‌ಫೋನ್ ಏರಿಸಿದ. ಕೊನೆಯ ಕೆಲವು ನಿಮಿಷಗಳಿಗೆ ಬಾಣದ ಗುರುತು ಒಯ್ದು ಒತ್ತಿದ.

ಕೊನೆಯ ಕೆಲವು ನಿಮಿಷ!

ಗಿಳಿಗೆ ಆಗ ನೆನಪಾಯಿತು. ಅವನು ಮೀಟರ್ ಬೋರ್ಡಿಗೆ ಹೋಗಿದ್ದಾಗಲೂ ಆ ಕೆಂಪು ಚುಕ್ಕೆ ಉರಿಯುತ್ತಲೇ ಇತ್ತು. "ಕೊಡಿ ಇಲ್ಲಿ!" ಅಂತ ಕೈ ಚಾಚಿದಳು. ಅವನು ಕಣ್ಣು ಮುಚ್ಚಿ, ಒಂದು ಬೆರಳೆತ್ತಿ 'ತಾಳಿ' ಅಂತ ಸನ್ನೆ ಮಾಡಿದ. ಅವನ ಮುಖ ಕಲ್ಲಿನ ಹಾಗಿತ್ತು, ಕಿವಿಗಳು ಮಾತ್ರ ನಿಧಾನಕ್ಕೆ ಕೆಂಪೇರಿದವು. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡ. ಅವಳ ಕಡೆ ತಿರುಗಲಿಲ್ಲ, ಅಮ್ಮನ ಕಡೆ ತಿರುಗಿದ.

"ಅಮ್ಮಾ, ಇದರಲ್ಲಿ ತೊಂದರೆ ಎರಡಿದೆ. ಒಂದು ಟ್ರೆಡ್‌ಮಿಲ್. ಇನ್ನೊಂದು ವೈರಸ್."

"ಅಯ್ಯೋ! ಎಲ್ಲಿಂದ ಬಂತಪ್ಪಾ?"

"ಈ ಮನೇಲೇ ಹುಟ್ಟಿ ಬೆಳೆದದ್ದು. ಕಂಪ್ಯೂಟರ್ ಕಿವೀಲಿ 'ಹುಷಾರಾಗಬೇಡ' ಅಂತ ಹೇಳಿಕೊಡುತ್ತೆ."

"ತೆಗೆಯೋಕಾಗಲ್ವೇನಪ್ಪಾ?"

"ಆಗುತ್ತೆ. ಆದ್ರೆ ನಾನೇ ಬಂದು ನಮ್ಮ ಮನೆಗೆ ಕರ್ಕೊಂಡು ಹೋಗಬೇಕಾಗುತ್ತೆ." ಅವನ ದನಿ ಇಲ್ಲಿ ಸ್ವಲ್ಪ ನಡುಗಿತು. "ಅದು ಒಪ್ಪಿದ್ರೆ."

"ಧಾರಾಳವಾಗಿ ಕರ್ಕೊಂಡು ಹೋಗಪ್ಪಾ! ಪೀಡೆ ತೊಲಗಲಿ!"

"ಅಮ್ಮಾ!" ಗಿಳಿ ಚೀರಿದಳು. "ಅದು ವೈರಸ್ ಅಲ್ಲ, ಅದು..."

"ಮತ್ತೇನೇ ಅದು?"

ಗಿಳಿ ಗಂಟಲೊಳಗೆ ತಡಕಾಡಿದಳು. ನರಿ ಓಡಿಹೋಗಿತ್ತು. ಕಾಗೆ ಹಾರಿಹೋಗಿತ್ತು. ಆಮೆ ತಲೆ ಒಳಗೆಳೆದುಕೊಂಡಿತ್ತು. ಅವನು ಈಗ ಅವಳನ್ನೇ ನೋಡುತ್ತಿದ್ದ. ಒಂದೇ ಶೂನಲ್ಲಿ, ಉಸಿರು ಬಿಗಿಹಿಡಿದು. ತಮಾಷೆಯ ತುದಿಗೆ ತನ್ನ ಬದುಕನ್ನೇ ಕಟ್ಟಿ ನೇತುಹಾಕಿದವನ ಹಾಗೆ. ಗಿಳಿ ಕಣ್ಣು ಮುಚ್ಚಲಿಲ್ಲ.

"ಅದು ನಾನು," ಅಂದಳು. ಸಣ್ಣ ದನಿ, ತುಸು ಒರಟು, ಅಂಚಿನಲ್ಲಿ ನಡುಗುವ ದನಿ. ಯಾರದ್ದೂ ಅಲ್ಲ. "ನಾನೇ ಹೇಳಿದ್ದು. ಇವರು ಬರ್ತಾ ಇರ್ಲಿ ಅಂತ. ಕರ್ಕೊಂಡು ಹೋದ್ರೆ... ಒಪ್ಪುತ್ತೆ ಅದು."

ಕಂಪ್ಯೂಟರಿನ ಫ್ಯಾನು ಗುನುಗುತ್ತಲೇ ಇತ್ತು.

ಆಗ ಅವನು, ಹುಟ್ಟಿದಾಗಿನಿಂದ ಯಾರನ್ನೂ ಅನುಕರಿಸದವನು, ಎರಡೂ ಕಣ್ಣು ಮುಚ್ಚಿ, ಪೆಟ್ಟಿಗೆಯ ಮೇಲೆ ಕೆನ್ನೆಯಿಟ್ಟು, ಎಣ್ಣೆ ಕಾಣದ ಬಾಗಿಲಿನ ದನಿಯಲ್ಲಿ ಶುರುಮಾಡಿದ: "ಏಯ್... ಇವತ್ತೇ ಹುಷಾರಾಗಬೇಡ ಕಣೋ, ಪ್ಲೀಸ್! ಇನ್ನೊಂದೇ ಒಂದು ವಾರ ಬೀಳ್ತಾ ಇರು! ಅವರ ಬೆರಳು ನೋಡಿದೀಯಾ ನೀನು? ಅವರು ಬರಲಿಲ್ಲ ಅಂದ್ರೆ ನನಗೆ ಸಂಜೆ ಆಗೋದೇ ಇಲ್ಲ ಕಣೋ..."

ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಅಮ್ಮ ಒಂದು ಕ್ಷಣ ತಡವಾಗಿ, ತಾನು ಯಾವ ಪೀಡೆಯನ್ನು ಕರ್ಕೊಂಡು ಹೋಗು ಅಂದೆ ಅಂತ ಹೊಳೆದು, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆದರೆ ಎಲ್ಲರಿಗಿಂತ ಜೋರಾಗಿ, ಕಂಬಳಿಗಳೆಲ್ಲ ಸೇರಿದರೂ ತಡೆಯಲಾಗದ ಹಾಗೆ, ಕಣ್ಣಲ್ಲಿ ನೀರು ಬರುವಂತೆ ನಕ್ಕವಳು ಗಿಳಿ. "'ಕಣೋ' ಗಂಟಲಿಂದ ಬರ್ತಿದೆ!" ಅನ್ನುತ್ತ ನಕ್ಕಳು. "ನಂದು... ನಂದು ಹೊಟ್ಟೆಯಿಂದ ಬರೋದು!"

ಅವನು ಯಾವಾಗ ಕೆಂಪು ಚುಕ್ಕೆಯನ್ನು ಮತ್ತೆ ಹೊತ್ತಿಸಿದ್ದನೋ ಯಾರಿಗೂ ಗೊತ್ತಾಗಲಿಲ್ಲ.

ಭಾನುವಾರ ಗಿಳಿ ಅಮ್ಮನ ಗಂಟಲು ಕಟ್ಟಿದ ಕಥೆಯನ್ನು, ಅವನಿಗೆ ಹೇಳಿದ ಹಾಗೇ, ಆ ರೆಕಾರ್ಡಿಂಗಿನಿಂದ ಕತ್ತರಿಸಿ ಕಳಿಸಿದಳು. ಬಾಲಕ್ಕೆ ಆ ನಗುವನ್ನೂ ಅಂಟಿಸಿದಳು. ಸಂಜೆಯ ಹೊತ್ತಿಗೆ ನಿರ್ಮಾಪಕಿಯ ಫೋನ್.

"ಇಷ್ಟು ದಿನ ಈ ದನಿ ಎಲ್ಲಿ ಬಚ್ಚಿಟ್ಟಿದ್ದೆ? ಸರಣಿ ನಿಂದೇ. ಆದ್ರೆ ಕೊನೇಲಿ ಒಂದು ನಗು ಬರುತ್ತಲ್ಲ, ಮೈಕೇ ಒಡೆದು ಹೋಗೋ ಹಾಗೆ, ಅದು ಯಾರ ಮಿಮಿಕ್ರಿ?"

ಗಿಳಿ ಎದುರು ಕುರ್ಚಿಯತ್ತ ನೋಡಿದಳು. ಏನೂ ಕೆಡದ ಕಂಪ್ಯೂಟರನ್ನು ಭಾನುವಾರವೂ ನೋಡಲು ಬಂದಿದ್ದ ರಿಪೇರಿಯವನು ಗಂಭೀರವಾಗಿ "ಹ್ಮ್..." ಅಂದ. ಅವಳು ಉತ್ತರ ಹೇಳಲೆಂದು ಬಾಯಿ ತೆರೆದಳು. ಬಂದದ್ದು ಮತ್ತದೇ ನಗು.